ಶತ್ರುಗಳೊಡನೆ ಸಂಧಾನ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್)

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ ಎದುರಾಳಿಯನ್ನು ಕತ್ತಿಯ ಬದಲು ಮಾತಿನಿಂದ ಮಣಿಸುವ ಕ್ರಮ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಮೂಲ ಆಟದಲ್ಲೇ ಇದಕ್ಕೆ ನಿಯಮವಿತ್ತು. 1981ರ ಬೇಸಿಕ್ ಆವೃತ್ತಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿತು: ದೈತ್ಯಜೀವಿ ಎದುರಾದಾಗ ಆಟ ನಡೆಸುವವರು ಎರಡು ದಾಳ ಎಸೆಯುತ್ತಾರೆ. ಮೊತ್ತ 2 ಬಂದರೆ ತಕ್ಷಣ ದಾಳಿ, 12 ಬಂದರೆ ಗೆಳೆತನ, 6ರಿಂದ 8 ಬಂದರೆ ಅನಿಶ್ಚಿತ. 36 ಸಾಧ್ಯತೆಗಳಲ್ಲಿ 16 ಈ ಅನಿಶ್ಚಿತಕ್ಕೇ ಸೇರುತ್ತವೆ. ನಿಯಮದ ನಿಜವಾದ ಸೊಗಸು ಇರುವುದು ಇಲ್ಲಿಯೇ: ಗುಹೆಯ ಬಾಯಲ್ಲಿ ಈಟಿ ಹಿಡಿದು ನಿಂತ ಗಾಬ್ಲಿನ್‌ಗೆ ರೊಟ್ಟಿ ಚಾಚಿ ದಾರಿ ಕೇಳಲು ಆಟಗಾರನಿಗೆ ಎಡೆ ಸಿಗುತ್ತದೆ. ಪಾತ್ರದ ‘ಕರಿಷ್ಮಾ’ ಅಂಕವೂ ಫಲಿತಾಂಶವನ್ನು ಬದಲಿಸುತ್ತದೆ. ಹೋರಾಟ ಶುರುವಾದ ಮೇಲೂ, ಮೊದಲ ಸಾವಾದಾಗ ಅಥವಾ ಅರ್ಧ ಮಂದಿ ಉರುಳಿದಾಗ, ಸ್ಥೈರ್ಯಪರೀಕ್ಷೆಯಲ್ಲಿ ಸೋತ ಶತ್ರುಗಳು ಓಡಬಹುದು ಇಲ್ಲವೇ ಶರಣಾಗಬಹುದು.

2003ರ ಪರಿಷ್ಕೃತ ಮೂರನೆಯ ಆವೃತ್ತಿಯಲ್ಲಿ ಇದು ‘ಡಿಪ್ಲೊಮಸಿ’ ಕೌಶಲ. ದಾಳದ ಅಂಕ ಮತ್ತು ಕೌಶಲದ ಬೋನಸ್ ಸೇರಿ 25 ಗಳಿಸಿದರೆ ಕಡುವೈರಿ ತಟಸ್ಥನಾಗುತ್ತಾನೆ, 50 ಗಳಿಸಿದರೆ ನೆರವಿಗೇ ನಿಲ್ಲುತ್ತಾನೆ. ಬೋನಸ್ ಪೇರಿಸಿಕೊಂಡವರು ಯಾರನ್ನಾದರೂ ಒಲಿಸಿಬಿಡಬಹುದಾದ್ದರಿಂದ ಈ ನಿಯಮ ಹಳೆಯದಕ್ಕಿಂತ ಬಡವಾಗಿದೆ. 2014ರ ಐದನೆಯ ಆವೃತ್ತಿ ಮನವೊಲಿಕೆ, ವಂಚನೆ, ಬೆದರಿಕೆಗಳನ್ನು ಬೇರೆಬೇರೆ ಕೌಶಲಗಳಾಗಿ ಇರಿಸಿ, ದಾಳ ಬೇಕೇ ಬೇಡವೇ ಎಂಬ ತೀರ್ಮಾನವನ್ನು ಆಟ ನಡೆಸುವವರಿಗೆ ಬಿಟ್ಟಿದೆ.