2016ರ ಪುರುಷರ ಕಿರಿಯರ ಹಾಕಿ ವಿಶ್ವಕಪ್

2016ರ ಪುರುಷರ ಕಿರಿಯರ ಹಾಕಿ ವಿಶ್ವಕಪ್ ಎಂಬುದು 21 ವರ್ಷದೊಳಗಿನ ಆಟಗಾರರಿಗಾಗಿ ಅಂತರರಾಷ್ಟ್ರೀಯ ಹಾಕಿ ಒಕ್ಕೂಟವು (ಎಫ್‌ಐಎಚ್) ನಡೆಸುವ ಕಿರಿಯರ ವಿಶ್ವಕಪ್ ಪಂದ್ಯಾವಳಿಯ 11ನೆಯ ಆವೃತ್ತಿ. ಇದು 2016ರ ಡಿಸೆಂಬರ್ 8ರಿಂದ 18ರವರೆಗೆ ಉತ್ತರ ಪ್ರದೇಶದ ರಾಜಧಾನಿ ಲಕ್ನೋದ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ ನಡೆಯಿತು. ಆತಿಥೇಯ ಭಾರತ ತಂಡವು ಫೈನಲ್‌ನಲ್ಲಿ ಬೆಲ್ಜಿಯಂ ತಂಡವನ್ನು 2–1 ಗೋಲುಗಳಿಂದ ಸೋಲಿಸಿ, 15 ವರ್ಷಗಳ ನಂತರ ಎರಡನೆಯ ಬಾರಿಗೆ ಪ್ರಶಸ್ತಿ ಗೆದ್ದುಕೊಂಡಿತು. ಕಿರಿಯರ ವಿಶ್ವಕಪ್ಪನ್ನು ತನ್ನ ನೆಲದಲ್ಲಿಯೇ ಗೆದ್ದ ಮೊದಲ ಪುರುಷರ ತಂಡ ಭಾರತದ್ದು. ಈ ಲೇಖನವು ಮೈದಾನದ ಹಾಕಿಗೆ ಸಂಬಂಧಿಸಿದೆ. ಐಸ್ ಹಾಕಿಯ ವಿಶ್ವ ಕಿರಿಯರ ಚಾಂಪಿಯನ್‌ಷಿಪ್ ಬೇರೆಯೇ ಪಂದ್ಯಾವಳಿ.

ಹಿನ್ನೆಲೆ

ಪುರುಷರ ಕಿರಿಯರ ವಿಶ್ವಕಪ್ 1979ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಆರಂಭವಾಯಿತು. ಮೊದಲ ಪ್ರಶಸ್ತಿ ಪಾಕಿಸ್ತಾನದ ಪಾಲಾಯಿತು. 1982, 1985, 1989 ಮತ್ತು 1993ರಲ್ಲಿ ಸತತ ನಾಲ್ಕು ಬಾರಿ ಜರ್ಮನಿ (ಮೊದಲ ಮೂರು ಬಾರಿ ಪಶ್ಚಿಮ ಜರ್ಮನಿಯಾಗಿ) ಗೆದ್ದಿತು. 1997ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಆಸ್ಟ್ರೇಲಿಯಾ ಚಾಂಪಿಯನ್ ಆದಾಗ ಭಾರತ ಎರಡನೆಯ ಸ್ಥಾನ ಪಡೆಯಿತು. 2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಗಗನ್ ಅಜಿತ್ ಸಿಂಗ್ ನಾಯಕತ್ವದ ಭಾರತ ತಂಡವು ಫೈನಲ್‌ನಲ್ಲಿ ಅರ್ಜೆಂಟೀನಾವನ್ನು 6–1ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗಳಿಸಿತು. ಕೊಡಗಿನ ಅರ್ಜುನ್ ಹಾಲಪ್ಪ ಆ ತಂಡದ ಸದಸ್ಯರಾಗಿದ್ದರು.

ಆನಂತರದ ವರ್ಷಗಳು ಭಾರತಕ್ಕೆ ನಿರಾಶಾದಾಯಕವಾಗಿದ್ದವು. 2005ರಲ್ಲಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ಕಂಚಿನ ಪದಕದ ಪಂದ್ಯವನ್ನು ಸ್ಪೇನ್‌ಗೆ ಬಿಟ್ಟುಕೊಟ್ಟು ನಾಲ್ಕನೆಯ ಸ್ಥಾನಕ್ಕೆ ಸಮಾಧಾನಪಡಬೇಕಾಯಿತು. 2013ರಲ್ಲಿ ನವದೆಹಲಿಯಲ್ಲಿ ಮೊದಲ ಬಾರಿಗೆ ಪಂದ್ಯಾವಳಿಯ ಆತಿಥ್ಯ ವಹಿಸಿದಾಗ ಕ್ವಾರ್ಟರ್‌ಫೈನಲ್ ಕೂಡ ತಲುಪದೆ 10ನೆಯ ಸ್ಥಾನಕ್ಕೆ ಕುಸಿಯಿತು. ಆದ್ದರಿಂದ ಮೂರೇ ವರ್ಷಗಳ ಬಳಿಕ ಮತ್ತೆ ಆತಿಥ್ಯ ವಹಿಸಿದ ಭಾರತದ ಮೇಲೆ ನಿರೀಕ್ಷೆಯ ಜೊತೆಗೆ ಒತ್ತಡವೂ ಇತ್ತು.

ಸಿದ್ಧತೆ ಮತ್ತು ತಂಡ

ತಂಡದ ಮುಖ್ಯ ತರಬೇತುದಾರ ಹರೇಂದ್ರ ಸಿಂಗ್. 2005ರ ರೋಟರ್‌ಡ್ಯಾಮ್ ಪಂದ್ಯಾವಳಿಯಲ್ಲಿಯೂ ಅವರೇ ಕಿರಿಯರ ತಂಡದ ತರಬೇತುದಾರರಾಗಿದ್ದರು. ಮಿಡ್‌ಫೀಲ್ಡ್ ಆಟಗಾರ ಹರ್ಜೀತ್ ಸಿಂಗ್ ನಾಯಕರಾಗಿ, ಒಡಿಶಾದ ದಿಪ್ಸನ್ ಟಿರ್ಕಿ ಉಪನಾಯಕರಾಗಿ ನೇಮಕಗೊಂಡರು.

2015ರ ನವೆಂಬರ್‌ನಲ್ಲಿ ಮಲೇಷ್ಯಾದ ಕ್ವಾಂಟನ್‌ನಲ್ಲಿ ನಡೆದ ಕಿರಿಯರ ಏಷ್ಯಾ ಕಪ್‌ ಫೈನಲ್‌ನಲ್ಲಿ ಭಾರತವು ಪಾಕಿಸ್ತಾನವನ್ನು 6–2ರಿಂದ ಮಣಿಸಿತ್ತು. ಅದರಲ್ಲಿ ನಾಲ್ಕು ಗೋಲುಗಳು ಹರ್ಮನ್‌ಪ್ರೀತ್ ಸಿಂಗ್ ಅವರವು. ವಿಶ್ವಕಪ್‌ಗೆ ಮುನ್ನ ಸ್ಪೇನ್‌ನ ವೆಲೆನ್ಸಿಯಾದಲ್ಲಿ ನಡೆದ ನಾಲ್ಕು ರಾಷ್ಟ್ರಗಳ ಪಂದ್ಯಾವಳಿಯನ್ನೂ ತಂಡ ಗೆದ್ದಿತ್ತು. ಹರ್ಮನ್‌ಪ್ರೀತ್ ಅದೇ ವರ್ಷದ ರಿಯೊ ಒಲಿಂಪಿಕ್ಸ್‌ನಲ್ಲಿ ಹಿರಿಯರ ತಂಡದ ಪರ ಆಡಿದ ಅನುಭವ ಹೊಂದಿದ್ದರು.

ಸ್ವರೂಪ

1995ರ ಜನವರಿ 1ರಂದು ಅಥವಾ ಅನಂತರ ಜನಿಸಿದವರು ಮಾತ್ರ ಆಡಲು ಅರ್ಹರಾಗಿದ್ದರು. 16 ತಂಡಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು:

ಎ ಗುಂಪು: ಜರ್ಮನಿ, ಸ್ಪೇನ್, ನ್ಯೂಜಿಲೆಂಡ್, ಜಪಾನ್
ಬಿ ಗುಂಪು: ನೆದರ್ಲೆಂಡ್ಸ್, ಬೆಲ್ಜಿಯಂ, ಮಲೇಷ್ಯಾ, ಈಜಿಪ್ಟ್
ಸಿ ಗುಂಪು: ಆಸ್ಟ್ರೇಲಿಯಾ, ಅರ್ಜೆಂಟೀನಾ, ದಕ್ಷಿಣ ಕೊರಿಯಾ, ಆಸ್ಟ್ರಿಯಾ
ಡಿ ಗುಂಪು: ಭಾರತ, ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಕೆನಡಾ

ಅರ್ಹತೆ ಪಡೆದಿದ್ದ ಪಾಕಿಸ್ತಾನದ ಸ್ಥಾನದಲ್ಲಿ ಮಲೇಷ್ಯಾ ಆಡಿತು. ನಿಗದಿತ ಗಡುವಿನೊಳಗೆ ಪಾಕಿಸ್ತಾನವು ಭಾಗವಹಿಸುವಿಕೆಯನ್ನು ದೃಢಪಡಿಸಲಿಲ್ಲವೆಂದು ಎಫ್‌ಐಎಚ್ ತಿಳಿಸಿತು. ಪಾಕಿಸ್ತಾನದ ಹಾಕಿ ಒಕ್ಕೂಟವು ಈ ನಿರ್ಧಾರವನ್ನು ಆಕ್ಷೇಪಿಸಿತು.

ಪ್ರತಿ ಗುಂಪಿನ ಮೊದಲ ಎರಡು ತಂಡಗಳು ಕ್ವಾರ್ಟರ್‌ಫೈನಲ್ ಪ್ರವೇಶಿಸಿದವು. ಆ ವೇಳೆಗೆ ಹಿರಿಯರ ಅಂತರರಾಷ್ಟ್ರೀಯ ಹಾಕಿಯಲ್ಲಿ ತಲಾ 15 ನಿಮಿಷಗಳ ನಾಲ್ಕು ಅವಧಿಗಳ ಪದ್ಧತಿ ಬಂದಿದ್ದರೂ, ಈ ಪಂದ್ಯಾವಳಿಯನ್ನು ತಲಾ 35 ನಿಮಿಷಗಳ ಎರಡು ಅವಧಿಗಳ ಹಳೆಯ ಪದ್ಧತಿಯಲ್ಲಿ ಆಡಿಸಲಾಯಿತು. ನಾಕೌಟ್ ಪಂದ್ಯಗಳು ಸಮಬಲಗೊಂಡರೆ ಶೂಟೌಟ್ ಮೂಲಕ ಫಲಿತಾಂಶ ನಿರ್ಧರಿಸಲಾಗುತ್ತಿತ್ತು. ಶೂಟೌಟ್‌ನಲ್ಲಿ ಪ್ರತಿ ತಂಡದ ಐವರು ಆಟಗಾರರು ಒಬ್ಬೊಬ್ಬರಾಗಿ 23 ಮೀಟರ್ ರೇಖೆಯಿಂದ ಚೆಂಡಿನೊಡನೆ ಹೊರಟು, 8 ಸೆಕೆಂಡುಗಳೊಳಗೆ ಎದುರಾಳಿ ಗೋಲ್‌ಕೀಪರ್‌ನನ್ನು ವಂಚಿಸಿ ಗೋಲು ಗಳಿಸಬೇಕು.

ಭಾರತದ ಪಂದ್ಯಗಳು

ಡಿಸೆಂಬರ್ 8ರಂದು ಭಾರತ ಕೆನಡಾವನ್ನು 4–0ರಿಂದ ಸೋಲಿಸಿತು. ಡಿಸೆಂಬರ್ 10ರಂದು ಇಂಗ್ಲೆಂಡ್ ವಿರುದ್ಧ ಮೊದಲು ಹಿನ್ನಡೆ ಅನುಭವಿಸಿದರೂ ಚೇತರಿಸಿಕೊಂಡು 5–3ರಿಂದ ಗೆದ್ದಿತು. ಡಿಸೆಂಬರ್ 12ರಂದು ದಕ್ಷಿಣ ಆಫ್ರಿಕಾವನ್ನು 2–1ರಿಂದ ಮಣಿಸಿ, ಮೂರೂ ಪಂದ್ಯಗಳ ಗೆಲುವಿನೊಂದಿಗೆ ಡಿ ಗುಂಪಿನ ಅಗ್ರಸ್ಥಾನ ಪಡೆಯಿತು.

ಡಿಸೆಂಬರ್ 15ರ ಕ್ವಾರ್ಟರ್‌ಫೈನಲ್‌ನಲ್ಲಿ ಸ್ಪೇನ್ ಮೊದಲಾರ್ಧದಲ್ಲಿಯೇ ಮುನ್ನಡೆ ಸಾಧಿಸಿತು. ಭಾರತಕ್ಕೆ ಸಮಬಲದ ಗೋಲು ದೊರೆತದ್ದು ದ್ವಿತೀಯಾರ್ಧದಲ್ಲಿ, ಸಿಮ್ರನ್‌ಜೀತ್ ಸಿಂಗ್ ಅವರಿಂದ. ಪಂದ್ಯದ ಕೊನೆಯ ನಿಮಿಷಗಳಲ್ಲಿ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರ್ ಅವಕಾಶವನ್ನು ಗೋಲಾಗಿ ಪರಿವರ್ತಿಸಿ 2–1ರ ಗೆಲುವು ತಂದರು.

ಮರುದಿನವೇ ನಡೆದ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೂಡ ಮೊದಲು ಗೋಲು ಗಳಿಸಿತು. ದ್ವಿತೀಯಾರ್ಧದಲ್ಲಿ ಗುರ್ಜಂತ್ ಸಿಂಗ್ ಮತ್ತು ಮನ್‌ದೀಪ್ ಸಿಂಗ್ ಕೆಲವೇ ನಿಮಿಷಗಳ ಅಂತರದಲ್ಲಿ ಗಳಿಸಿದ ಗೋಲುಗಳಿಂದ ಭಾರತ ಮುನ್ನಡೆಯಿತಾದರೂ, ಆಸ್ಟ್ರೇಲಿಯಾ ಮತ್ತೆ ಸಮಬಲ ಸಾಧಿಸಿತು. 2–2ರಲ್ಲಿ ಅಂತ್ಯಗೊಂಡ ಪಂದ್ಯವನ್ನು ಭಾರತ ಶೂಟೌಟ್‌ನಲ್ಲಿ 4–2ರಿಂದ ಗೆದ್ದಿತು. ಗೋಲ್‌ಕೀಪರ್ ವಿಕಾಸ್ ದಹಿಯಾ ಅವರ ತಡೆಗಳು ನಿರ್ಣಾಯಕವಾದವು. ಮತ್ತೊಂದು ಸೆಮಿಫೈನಲ್‌ನಲ್ಲಿ ಬೆಲ್ಜಿಯಂ ಹಾಲಿ ಚಾಂಪಿಯನ್ ಜರ್ಮನಿಯನ್ನು ಶೂಟೌಟ್‌ನಲ್ಲಿಯೇ ಹೊರದೂಡಿ ಮೊದಲ ಬಾರಿಗೆ ಫೈನಲ್ ತಲುಪಿತು.

ಫೈನಲ್

ಡಿಸೆಂಬರ್ 18ರ ಸಂಜೆ ತುಂಬಿದ ಕ್ರೀಡಾಂಗಣದಲ್ಲಿ ಫೈನಲ್ ನಡೆಯಿತು. 8ನೆಯ ನಿಮಿಷದಲ್ಲಿ ಗುರ್ಜಂತ್ ಸಿಂಗ್, 22ನೆಯ ನಿಮಿಷದಲ್ಲಿ ಸಿಮ್ರನ್‌ಜೀತ್ ಸಿಂಗ್ ಗೋಲು ಗಳಿಸಿದರು. ವಿರಾಮದ ವೇಳೆಗೆ ಭಾರತ 2–0ರಿಂದ ಮುಂದಿತ್ತು. ಹಿಂದಿನ ಎರಡೂ ನಾಕೌಟ್ ಪಂದ್ಯಗಳಲ್ಲಿ ಹಿನ್ನಡೆಯಿಂದ ಮೇಲೆದ್ದಿದ್ದ ತಂಡವು ಈ ಬಾರಿ ಮುನ್ನಡೆಯನ್ನು ಕಾಯ್ದುಕೊಳ್ಳಬೇಕಾಯಿತು. ಬೆಲ್ಜಿಯಂನ ಏಕೈಕ ಗೋಲು 70ನೆಯ ನಿಮಿಷದಲ್ಲಿ, ಅಂದರೆ ಪಂದ್ಯದ ಕೊನೆಯ ಗಳಿಗೆಯಲ್ಲಿ, ಪೆನಾಲ್ಟಿ ಕಾರ್ನರ್ ಮೂಲಕ ಬಂದಿತು. ಅದನ್ನು ಗಳಿಸಿದವರು ಫಾಬ್ರಿಸ್ ವಾನ್ ಬಾಕ್‌ರಿಕ್.

ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಜರ್ಮನಿ ಆಸ್ಟ್ರೇಲಿಯಾವನ್ನು 3–0ರಿಂದ ಸೋಲಿಸಿ ಕಂಚಿನ ಪದಕ ಪಡೆಯಿತು.

ಮಹತ್ವ

ಈ ಗೆಲುವಿನೊಂದಿಗೆ ಆರು ಪ್ರಶಸ್ತಿಗಳ ಜರ್ಮನಿಯನ್ನು ಬಿಟ್ಟರೆ ಕಿರಿಯರ ವಿಶ್ವಕಪ್ಪನ್ನು ಒಂದಕ್ಕಿಂತ ಹೆಚ್ಚು ಬಾರಿ ಗೆದ್ದ ಏಕೈಕ ದೇಶವೆಂಬ ಸ್ಥಾನ ಅಂದು ಭಾರತಕ್ಕೆ ದೊರೆಯಿತು. ಅದಕ್ಕಿಂತ ಮುಖ್ಯವಾದದ್ದು ಇದೇ ತಂಡದಿಂದ ಹಿರಿಯರ ತಂಡಕ್ಕೆ ಒದಗಿದ ಆಟಗಾರರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 41 ವರ್ಷಗಳ ಬಳಿಕ ಹಾಕಿ ಪದಕ ಗೆದ್ದ ಭಾರತ ತಂಡದಲ್ಲಿ ಹರ್ಮನ್‌ಪ್ರೀತ್, ಮನ್‌ದೀಪ್, ಗುರ್ಜಂತ್, ಸಿಮ್ರನ್‌ಜೀತ್, ಸುಮಿತ್, ನೀಲಕಂಠ ಶರ್ಮಾ ಮತ್ತು ವರುಣ್ ಕುಮಾರ್ ಇದ್ದರು. ಜರ್ಮನಿಯನ್ನು 5–4ರಿಂದ ಸೋಲಿಸಿದ ಅಲ್ಲಿನ ಕಂಚಿನ ಪದಕದ ಪಂದ್ಯದಲ್ಲಿ ಸಿಮ್ರನ್‌ಜೀತ್ ಎರಡು ಗೋಲು ಗಳಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರ್ಮನ್‌ಪ್ರೀತ್ ನಾಯಕತ್ವದಲ್ಲಿ ಭಾರತ ಮತ್ತೆ ಕಂಚು ಗೆದ್ದಿತು.

ನಾಯಕ ಹರ್ಜೀತ್ ಸಿಂಗ್ ಅವರ ಜೀವನವನ್ನು ಆಧರಿಸಿ 2018ರಲ್ಲಿ 'ಹರ್ಜೀತಾ' ಎಂಬ ಪಂಜಾಬಿ ಚಲನಚಿತ್ರ ತೆರೆಕಂಡಿತು.

ಕರ್ನಾಟಕದ ಹಾಕಿಯ ದೃಷ್ಟಿಯಿಂದ

2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ ಎಂಬ ಕೊಡಗಿನ ನಾಲ್ವರು ಆಟಗಾರರಿದ್ದರು. ಆದರೆ ಅದೇ ವರ್ಷದ ಕಿರಿಯರ ವಿಶ್ವಕಪ್ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ತಂಡದ ಬಹುಪಾಲು ಆಟಗಾರರು ಪಂಜಾಬಿನವರಾಗಿದ್ದು, ಉಳಿದವರಲ್ಲಿ ಹರಿಯಾಣ, ಉತ್ತರ ಪ್ರದೇಶ, ಮಧ್ಯಪ್ರದೇಶ, ಒಡಿಶಾ ಮತ್ತು ಮಣಿಪುರದವರಿದ್ದರು.

ನಂತರದ ಆವೃತ್ತಿ

ಮುಂದಿನ ಕಿರಿಯರ ವಿಶ್ವಕಪ್ 2021ರಲ್ಲಿ ಭುವನೇಶ್ವರದಲ್ಲಿ ನಡೆಯಿತು. ಹಾಲಿ ಚಾಂಪಿಯನ್ ಆಗಿ ತವರಿನಲ್ಲಿಯೇ ಕಣಕ್ಕಿಳಿದ ಭಾರತವು ಕಂಚಿನ ಪದಕದ ಪಂದ್ಯದಲ್ಲಿ ಫ್ರಾನ್ಸ್‌ಗೆ 1–3ರಿಂದ ಸೋತು ನಾಲ್ಕನೆಯ ಸ್ಥಾನ ಪಡೆಯಿತು. ಅರ್ಜೆಂಟೀನಾ ಫೈನಲ್‌ನಲ್ಲಿ ಜರ್ಮನಿಯನ್ನು 4–2ರಿಂದ ಸೋಲಿಸಿ ಚಾಂಪಿಯನ್ ಆಯಿತು.