ಸಂಬಳ, ಜಾಗ, ಕ್ಯಾಮೆರಾ: ಬ್ರಿಟನ್ನಿನ ಫಿಲ್ಮ್ ವರ್ಕ್‌ಶಾಪ್‌ಗಳ ಅನುದಾನದ ಚರಿತ್ರೆ

ಸಿನಿಮಾಕ್ಕೆ ಸಾರ್ವಜನಿಕ ಹಣ ಹರಿಯುವ ದಾರಿಗಳು ಎರಡು. ಕರ್ನಾಟಕದಲ್ಲಿ ನಮಗೆ ಪರಿಚಿತವಾದ ಸಹಾಯಧನ ಮುಗಿದ ಚಿತ್ರಕ್ಕೆ ಸಲ್ಲುವಂಥದ್ದು. ಇನ್ನೊಂದು ದಾರಿಯಲ್ಲಿ ಹಣ ಹೋಗುವುದು ಚಿತ್ರ ಮಾಡುವವರು ವರ್ಷವಿಡೀ ಕೂತು ದುಡಿಯುವ ಜಾಗಕ್ಕೆ, ಅಲ್ಲಿನ ಯಂತ್ರಗಳಿಗೆ, ಅವರ ತಿಂಗಳ ಸಂಬಳಕ್ಕೆ. ಬ್ರಿಟನ್ 1980ರ ದಶಕದಲ್ಲಿ ಈ ಎರಡನೆಯ ದಾರಿಯನ್ನು ಗಂಭೀರವಾಗಿ ಹಿಡಿಯಿತು. ಹತ್ತು ವರ್ಷವೂ ಸರಿಯಾಗಿ ನಡೆಯದ ಆ ವ್ಯವಸ್ಥೆ ಯಾಕೆ ಅಷ್ಟು ಫಲ ಕೊಟ್ಟಿತು, ಯಾಕೆ ಅಷ್ಟು ಬೇಗ ಮುರಿದು ಬಿತ್ತು ಎಂಬುದೇ ಇಲ್ಲಿನ ವಿಚಾರ.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1952ರಲ್ಲೇ ಮೈಕೆಲ್ ಬಾಲ್ಕನ್ ಅಧ್ಯಕ್ಷತೆಯಲ್ಲಿ ಪ್ರಾಯೋಗಿಕ ಚಿತ್ರಗಳಿಗೊಂದು ನಿಧಿ ತೆರೆದಿತ್ತು. 1966ರಲ್ಲಿ ಅದು ಪ್ರೊಡಕ್ಷನ್ ಬೋರ್ಡ್ ಆಯಿತು. ಅಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಅರ್ಜಿ. ಒಂದು ಚಿತ್ರ ಮುಗಿದು ಇನ್ನೊಂದು ಮಂಜೂರಾಗುವ ತನಕ ನಿರ್ದೇಶಕ ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬೇಕಿತ್ತು.

ಅದೇ 1966ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲಂಡನ್ ಫಿಲ್ಮ್‌ಮೇಕರ್ಸ್ ಕೋ‑ಆಪ್ ಬೇರೆ ದಾರಿ ತೋರಿಸಿತು. ಪುಸ್ತಕದಂಗಡಿಯೊಂದರ ಆಸರೆಯಲ್ಲಿ ಶುರುವಾದ ಗುಂಪು ಅದು. ಮಾಲ್ಕಮ್ ಲೆ ಗ್ರೈಸ್ ಮತ್ತು ಗೆಳೆಯರು ಫಿಲ್ಮ್ ತೊಳೆಯುವ, ಪ್ರಿಂಟ್ ಹಾಕುವ ಯಂತ್ರಗಳನ್ನು ತಾವೇ ಜೋಡಿಸಿಕೊಂಡರು. ದುಬಾರಿ ಲ್ಯಾಬ್‌ಗಳ ಹಂಗು ತಪ್ಪಿತು. ಅದಕ್ಕಿಂತ ದೊಡ್ಡ ಬದಲಾವಣೆ ಚಿತ್ರಗಳ ರೂಪದಲ್ಲೇ ಕಾಣಿಸಿತು. ಪ್ರಿಂಟರ್ ಕೈಗೆ ಸಿಕ್ಕಿದ್ದರಿಂದ ಅದೇ ಚಿತ್ರಿಕೆಯನ್ನು ಮತ್ತೆ ಮತ್ತೆ ಪ್ರಿಂಟ್ ಹಾಕಿ, ಬಣ್ಣ ಬದಲಿಸಿ, ಒಂದರ ಮೇಲೊಂದು ಹೇರಿ ನೋಡುವ ಕಲೆ ಬೆಳೆಯಿತು. ಯಂತ್ರವಿರುವ ಕೋಣೆಯೊಂದು ಕಲೆಯ ವ್ಯಾಕರಣವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಇನ್‌ಸ್ಟಿಟ್ಯೂಟಿನ ಗಣನೀಯ ಅನುದಾನ ಇವರಿಗೆ ಸಿಕ್ಕಿದ್ದು 1970ರ ದಶಕದ ನಡುಭಾಗದಲ್ಲಿ.

ಉತ್ತರದ ನ್ಯೂಕ್ಯಾಸಲ್‌ನಲ್ಲಿ ನೆಲೆಸಿದ ಆಂಬರ್ ಗುಂಪಿನದು ಇನ್ನೊಂದು ಬಗೆ. 1968ರಲ್ಲಿ ಲಂಡನ್ನಿನಲ್ಲಿ ಕೂಡಿದ ಇವರು ಮರುವರ್ಷವೇ ನ್ಯೂಕ್ಯಾಸಲ್‌ಗೆ ಹೋದರು. ಗಳಿಕೆಯನ್ನೆಲ್ಲ ಒಟ್ಟಿಗೆ ಹಾಕಿ ಎಲ್ಲರೂ ಸಮಾನ ಸಂಬಳ ತೆಗೆದುಕೊಳ್ಳುತ್ತಿದ್ದರು. ಹಡಗುಕಟ್ಟೆ, ಗಣಿ, ಮೀನುಗಾರಿಕೆ ನಂಬಿ ಬದುಕಿದ ಜನರ ಜೊತೆಗಿದ್ದು ಚಿತ್ರ ಮಾಡುವುದು ಅವರ ಕ್ರಮ.

ಇಂಥ ಗುಂಪುಗಳಿಗೆ ಹಣದ ಜೊತೆಗೆ ಯೂನಿಯನ್ನಿನ ಅಡ್ಡಿಯೂ ಇತ್ತು. ಚಿತ್ರರಂಗದ ತಂತ್ರಜ್ಞರ ಯೂನಿಯನ್ ಎಸಿಟಿಟಿ ಪ್ರತಿ ಕೆಲಸಕ್ಕೂ ಪ್ರತ್ಯೇಕ ಸದಸ್ಯ ಬೇಕೆನ್ನುತ್ತಿತ್ತು. ಕ್ಯಾಮೆರಾ ಹಿಡಿದವರೇ ಎಡಿಟಿಂಗಿಗೂ ಕೂರುವ ಸಣ್ಣ ಗುಂಪುಗಳಿಗೆ ಅದು ಆಗದ ಮಾತು. 1974ರಲ್ಲಿ ಸ್ಥಾಪನೆಯಾದ ಸ್ವತಂತ್ರ ಚಿತ್ರಕಾರರ ಸಂಘ ವರ್ಷಗಟ್ಟಲೆ ವಾದಿಸಿತು. ಕೊನೆಗೆ 1982ರಲ್ಲಿ ಯೂನಿಯನ್, ಫಿಲ್ಮ್ ಇನ್‌ಸ್ಟಿಟ್ಯೂಟ್, ಪ್ರಾದೇಶಿಕ ಕಲಾ ಸಂಘಗಳು ಮತ್ತು ಹೊಸ ಚಾನೆಲ್ 4 ಸೇರಿ ವರ್ಕ್‌ಶಾಪ್ ಘೋಷಣೆಗೆ ಒಪ್ಪಿದವು. ಲಾಭದ ಉದ್ದೇಶವಿಲ್ಲದ, ಕನಿಷ್ಠ ನಾಲ್ವರು ಪೂರ್ಣಾವಧಿ ಸಂಬಳದವರಿರುವ ಗುಂಪಿಗೆ ‘ವರ್ಕ್‌ಶಾಪ್’ ಎಂಬ ಮಾನ್ಯತೆ ಸಿಗುತ್ತಿತ್ತು. ಒಬ್ಬರೇ ಹಲವು ಕೆಲಸ ಮಾಡಬಹುದಿತ್ತು. ಮಾಡಿದ ಚಿತ್ರದ ಹಕ್ಕು ಗುಂಪಿನದೇ. ಚಿತ್ರೀಕರಣದ ಜೊತೆಗೆ ತರಬೇತಿ, ಪ್ರದರ್ಶನ, ವಿತರಣೆಯೂ ಅನುದಾನಕ್ಕೆ ಅರ್ಹವಾದ ಕೆಲಸ ಎನಿಸಿಕೊಂಡಿತು.

ಆ ವರ್ಷದ ನವೆಂಬರ್ 2ರಂದು ಪ್ರಸಾರ ಆರಂಭಿಸಿದ ಚಾನೆಲ್ 4 ಆಗ ತನ್ನ ಜಾಹೀರಾತನ್ನು ತಾನು ಮಾರುತ್ತಿರಲಿಲ್ಲ. ಐಟಿವಿ ಕಂಪನಿಗಳು ಅದರ ಜಾಹೀರಾತು ಮಾರಿಕೊಂಡು, ಖರ್ಚಿಗೆ ನಿಗದಿಯಾದ ವಂತಿಗೆ ಕೊಡುತ್ತಿದ್ದವು. ಪ್ರಯೋಗಕ್ಕೆ ಜಾಗ ಕೊಡಬೇಕೆಂಬುದು ಕಾನೂನಿನಲ್ಲೇ ಇತ್ತು. ಇದರಿಂದ ಸ್ವತಂತ್ರ ಚಿತ್ರಗಳ ವಿಭಾಗ ನೋಡಿಕೊಂಡ ಅಲನ್ ಫೌಂಟನ್ ಅವರಿಗೆ, ಒಂದೊಂದು ಕಾರ್ಯಕ್ರಮಕ್ಕೆ ಬೆಲೆ ಕಟ್ಟುವ ಬದಲು ವರ್ಕ್‌ಶಾಪ್‌ಗಳ ವರ್ಷದ ಖರ್ಚಿಗೇ ಹಣ ಹೊಂದಿಸಲು ಆಸ್ಪದವಾಯಿತು.

ಇದರ ಫಲವನ್ನು ಕಪ್ಪು ಜನರ ಗುಂಪುಗಳಲ್ಲಿ ನೋಡಬೇಕು. 1981ರ ಬ್ರಿಕ್ಸ್‌ಟನ್ ಗಲಭೆಯ ನಂತರ ಗ್ರೇಟರ್ ಲಂಡನ್ ಕೌನ್ಸಿಲ್ ಅಲ್ಪಸಂಖ್ಯಾತರ ಕಲೆಗೆ ಕೈಬಿಚ್ಚಿ ಹಣ ಕೊಟ್ಟಿತು. ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್, ಸಂಕೋಫಾ, ಸೆಡ್ಡೋ, ದಕ್ಷಿಣ ಏಷ್ಯಾ ಮೂಲದವರ ರೀಟೇಕ್ ತಲೆ ಎತ್ತಿದ್ದು ಆಗ. ಪೋರ್ಟ್ಸ್‌ಮತ್ ಪಾಲಿಟೆಕ್ನಿಕ್‌ನಲ್ಲಿ ಓದಿ ಬಂದಿದ್ದ ಜಾನ್ ಅಕೋಮ್‌ಫ್ರಾ ಮತ್ತು ಸಂಗಾತಿಗಳ ಬ್ಲ್ಯಾಕ್ ಆಡಿಯೋ, 1986ರಲ್ಲಿ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ ಮಾಡಿತು. ಹಿಂದಿನ ವರ್ಷ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಗಲಭೆಯ ಚಿತ್ರಿಕೆಗಳ ನಡುವೆ ಹಳೆಯ ಸುದ್ದಿಚಿತ್ರ, ವಲಸೆಗಾರರ ನೆನಪು, ಕೊಯ್ದು ಜೋಡಿಸಿದ ಸದ್ದು ಎಲ್ಲವನ್ನೂ ಹೆಣೆದ ಚಿತ್ರ ಅದು. ಸಲ್ಮಾನ್ ರಶ್ದಿ ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು, ಸ್ಟುವರ್ಟ್ ಹಾಲ್ ಉತ್ತರ ಕೊಟ್ಟರು. ಚಿತ್ರಕ್ಕೆ ಗ್ರಿಯರ್ಸನ್ ಪ್ರಶಸ್ತಿ ಬಂತು. ಹಳೆಯ ಫಿಲ್ಮ್ ಭಂಡಾರಗಳನ್ನು ಜಾಲಾಡಿ, ಸದ್ದಿನ ಜೊತೆ ಅಷ್ಟು ಕಾಲ ಕೆಲಸ ಮಾಡುವುದು ಸಂಬಳದ ಭರವಸೆಯಿಲ್ಲದವರಿಗೆ ಸಾಧ್ಯವಿರಲಿಲ್ಲ ಎಂಬುದು ನನ್ನ ತೀರ್ಮಾನ. ಆಂಬರ್‌ನ ‘ಸೀಕೋಲ್’ (1985) ಕೂಡ ಹಾಗೆಯೇ: ಕಡಲತೀರದಲ್ಲಿ ಕಲ್ಲಿದ್ದಲು ಆಯುವವರ ಬೀಡಿನಲ್ಲಿ ತಾವೂ ಒಂದು ಕ್ಯಾರವಾನ್ ಇಟ್ಟು, ಆ ಜನರ ಜೊತೆ ಬೆರೆತು ಮಾಡಿದ ಚಿತ್ರ. ಯಾವ ಕಾರ್ಯಕ್ರಮದ ಬಜೆಟ್ಟೂ ಅಷ್ಟು ಕಾಲಾವಕಾಶ ಕೊಡುವುದಿಲ್ಲ.

ಕುಸಿತ ಎರಡು ಹೆಜ್ಜೆಗಳಲ್ಲಿ ಆಯಿತು. ಥ್ಯಾಚರ್ ಸರ್ಕಾರ 1986ರ ಮಾರ್ಚ್ 31ಕ್ಕೆ ಗ್ರೇಟರ್ ಲಂಡನ್ ಕೌನ್ಸಿಲನ್ನೇ ರದ್ದು ಮಾಡಿತು. 1990ರ ಪ್ರಸಾರ ಕಾಯ್ದೆ, 1993ರಿಂದ ಚಾನೆಲ್ 4 ತನ್ನ ಜಾಹೀರಾತನ್ನು ತಾನೇ ಮಾರಬೇಕೆಂದಿತು. ನೋಡುಗರ ಸಂಖ್ಯೆಯ ಲೆಕ್ಕ ಮುಂದೆ ಬಂತು. ಅಷ್ಟರಲ್ಲೇ ಚಾನೆಲ್ ವರ್ಕ್‌ಶಾಪ್‌ಗಳ ವಾರ್ಷಿಕ ನೆರವು ನಿಲ್ಲಿಸಿ, ಮತ್ತೆ ಒಂದೊಂದು ಕಾರ್ಯಕ್ರಮಕ್ಕೆ ಹಣ ಕೊಡುವ ಪದ್ಧತಿಗೆ ಮರಳಿತ್ತು. ಘೋಷಣೆಗೆ ಒಪ್ಪಿದ ಸಂಸ್ಥೆಗಳು ಹಲವಾದರೂ ಹೆಚ್ಚಿನ ಭಾರ ಹೊತ್ತಿದ್ದು ಚಾನೆಲ್ ಒಂದೇ; ವ್ಯವಸ್ಥೆಯ ಮೂಲ ದೌರ್ಬಲ್ಯ ಅದೇ ಆಗಿತ್ತು. ಬ್ಲ್ಯಾಕ್ ಆಡಿಯೋ 1998ರಲ್ಲಿ ಚದುರಿತು.

ಮುಂದೆ ರಾಷ್ಟ್ರೀಯ ಲಾಟರಿಯಿಂದ ಕಲೆಗೆ ಬಂದ ಹಣ ಕಟ್ಟಡಗಳನ್ನು ಪ್ರೀತಿಸಿತು. ಕೋ‑ಆಪ್ 1997ರಲ್ಲಿ ಲಂಡನ್ನಿನ ಹಾಕ್ಸ್‌ಟನ್ ಸ್ಕ್ವೇರ್‌ನ ಹೊಸ ಲಕ್ಸ್ ಸೆಂಟರ್‌ಗೆ ಹೋಯಿತು. 2001ರಲ್ಲಿ ಆ ಸೆಂಟರ್ ಮುಚ್ಚಿತು. ಚಿತ್ರಸಂಗ್ರಹ ಮಾತ್ರ ಲಕ್ಸ್ ಹೆಸರಿನಲ್ಲೇ ಉಳಿಯಿತು. ನ್ಯೂಕ್ಯಾಸಲ್‌ನಲ್ಲಿ 1977ರಲ್ಲಿ ಆಂಬರ್ ತೆರೆದಿದ್ದ ಸೈಡ್ ಗ್ಯಾಲರಿ, ಕಲಾ ಮಂಡಳಿಯ ಅನುದಾನ ತಪ್ಪಿ 2023ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಅಕೋಮ್‌ಫ್ರಾ ಅವರಿಗೆ ನೈಟ್ ಪದವಿ ಬಂತು, ಮರುವರ್ಷ ಅವರು ವೆನಿಸ್ ಬಿಯೆನಾಲೆಯಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿದರು. ಆ ಗೌರವದಲ್ಲಿ 1980ರ ದಶಕದ ತಿಂಗಳ ಸಂಬಳಕ್ಕೂ ಪಾಲಿದೆ. ನಮ್ಮ ಸಹಾಯಧನದ ನಿಯಮಗಳನ್ನು ಮುಂದೆ ತಿದ್ದುವವರು ಮುಗಿದ ಚಿತ್ರದ ಜೊತೆಗೆ, ಚಿತ್ರ ಹುಟ್ಟುವ ಜಾಗಕ್ಕೂ ಅಲ್ಲಿ ದುಡಿಯುವವರ ಸಂಬಳಕ್ಕೂ ಒಂದು ಭಾಗ ತೆಗೆದಿಡಲಿ, ಆ ಹಣ ಒಂದೇ ಮೂಲದಿಂದ ಬಾರದಂತೆ ನೋಡಿಕೊಳ್ಳಲಿ.