ಪರವಾನಗಿ ಹಲವರಿಗೆ, ತಂತಿ ಒಬ್ಬರಿಗೆ

1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯು ತಂತಿ ಸಂಪರ್ಕದ ವಿಶೇಷಾಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. ಹೀಗಾಗಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತಾಗ, ಅದನ್ನು ಒದಗಿಸಿದ್ದು ಸರ್ಕಾರಿ ಸ್ವಾಮ್ಯದ ವಿದೇಶ್ ಸಂಚಾರ್ ನಿಗಮ. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸ್ಥಾಪನೆಯಾಯಿತು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಇಂಟರ್‌ನೆಟ್ ಸೇವೆಯ ಅವಕಾಶ ದೊರೆಯಿತು.

ಇಷ್ಟರಿಂದ ಮನೆಮನೆಗೆ ಸ್ಪರ್ಧೆ ಬಂದಿತೇ? ವಿದ್ಯಾರ್ಥಿಗಳು ಒಂದು ಅಂಶವನ್ನು ಗಮನಿಸಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆಗೆ ಬರುವ ತಾಮ್ರದ ತಂತಿ ಬಹುಪಾಲು ಸರ್ಕಾರಿ ಕಂಪನಿಗಳದೇ ಆಗಿತ್ತು. ಬಸ್ಸುಗಳು ಹತ್ತಿದ್ದರೂ ರಸ್ತೆ ಒಬ್ಬರ ಸ್ವತ್ತಾದರೆ ಪ್ರಯಾಣಿಕನಿಗೆ ಆಯ್ಕೆ ಎಲ್ಲಿಯದು?

ಈ ತಂತಿಯನ್ನು ಇತರ ಸಂಸ್ಥೆಗಳಿಗೂ ಬಾಡಿಗೆಗೆ ತೆರೆಯಬೇಕೆಂದು 2004ರಲ್ಲಿ ಟ್ರಾಯ್ ಶಿಫಾರಸು ಮಾಡಿತು. ಆದರೆ ಶಿಫಾರಸು ಆಜ್ಞೆಯಲ್ಲ. ಅದೇ ವರ್ಷದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ ಸೆಕೆಂಡಿಗೆ 256 ಕಿಲೋಬಿಟ್‌ಗಳ ಕನಿಷ್ಠ ವೇಗವನ್ನು ನಿಗದಿಪಡಿಸಿತು. ತಂತಿಯ ಹಂಚಿಕೆಯನ್ನು ಕಡ್ಡಾಯಗೊಳಿಸಲಿಲ್ಲ. 2010ರ ಹೊತ್ತಿಗೆ 2 ಕೋಟಿ ಸಂಪರ್ಕಗಳ ಗುರಿಯಿತ್ತು. ಆ ವರ್ಷಾಂತ್ಯಕ್ಕೆ ಆದದ್ದು ಸುಮಾರು 1.1 ಕೋಟಿ. ಕಾರಣ ಇದೊಂದೇ ಅಲ್ಲ, ಆದರೂ ಇದು ಸಣ್ಣದಲ್ಲ.

ಮುಂದೆ ಕೋಟ್ಯಂತರ ಜನರಿಗೆ ಇಂಟರ್‌ನೆಟ್ ತಲುಪಿದ್ದು ತಂತಿಯಿಂದಲ್ಲ, ಮೊಬೈಲಿನಿಂದ. ಪರವಾನಗಿ ಕೊಟ್ಟರೆ ಸಾಲದು, ದಾರಿಯನ್ನೂ ಬಿಡಬೇಕು ಎಂಬುದೇ ಈ ಇತಿಹಾಸ ಕಲಿಸುವ ಪಾಠ.